ಗವಿರಂಗಾಚಾರ್ರ ಸ್ಕೇಲು, ಪದ್ಮರಾಜುವಿನ ಗಿಟಾರು

ಎಲ್ಲಿ, ಊಹೆ ಮಾಡಿ ನೋಡೋಣ. ಒಬ್ಬರು ಮೂವತ್ತೆಂಟು ವರ್ಷ ಒಂದೇ ಕೆಲಸ ಮಾಡಿದ್ದಾರೆ, ಯಾರೂ ಬೆರಳು ತೋರಿಸಿಲ್ಲ. ಅದೇ ಕೆಲಸವನ್ನು ಅದೇ ಕೈಯಿಂದ, ಅಷ್ಟೇ ಶ್ರದ್ಧೆಯಿಂದ ಇನ್ನೊಮ್ಮೆ ಮಾಡುತ್ತಾರೆ. ಚೆನ್ನಾಗಿದ್ದ ವಾದ್ಯ ಕೆಟ್ಟು ಕೂರುತ್ತದೆ! ಏನಾಗಿರಬಹುದು? ಕಣ್ಣು ಮಂಜಾಯಿತು ಅಂತೀರಾ? ಕೈ ನಡುಗಿತು ಅಂತೀರಾ? ಎರಡೂ ಅಲ್ಲ. ಕೇಳಿ.

ತಿಪಟೂರಿನಲ್ಲಿ ಗವಿರಂಗಾಚಾರ್ ಎಂಬ ಹಾರ್ಮೋನಿಯಂ ರಿಪೇರಿಯವರಿದ್ದರು. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವುದಿದ್ದರೆ ಪಾತ್ರಧಾರಿಗಳ ಕಿರೀಟಕ್ಕಿಂತ ಮೊದಲು ಹಾರ್ಮೋನಿಯಂ ಸಿದ್ಧವಾಗಬೇಕು, ಅದು ಇವರ ಅಂಗಡಿಗೆ ಬಂದೇ ಹೋಗಬೇಕು. ಇವರ ಬಳಿ ಒಂದು ಸ್ಟೀಲ್ ಸ್ಕೇಲು. ಬೆರಳಿಟ್ಟು ಒತ್ತುವ ಬಿಳಿ ಮನೆಗಳ ಮೇಲೆ ಅದನ್ನು ಅಡ್ಡ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುವರು. ಸ್ಕೇಲಿನ ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಬಿಡುತ್ತಿರಲಿಲ್ಲ. "ಸಮ ಇದ್ದರೆ ಸ್ವರ" ಎನ್ನುವುದು ಅವರ ಮಂತ್ರ.

ಒಂದು ಭಾನುವಾರ ಬೆಳಿಗ್ಗೆ ಬಸ್ ಕಂಡಕ್ಟರ್ ಪದ್ಮರಾಜು ಓಡೋಡಿ ಬಂದ. ಬಗಲಲ್ಲಿ ಎಲೆಕ್ಟ್ರಿಕ್ ಗಿಟಾರು, ಕೈಯಲ್ಲಿ ಒಂದು ಮದುವೆ ಕರೆಯೋಲೆ.

"ಆಚಾರ್ರೇ, ಇವತ್ತು ಸಂಜೆ ಆರತಕ್ಷತೆಗೆ ನಮ್ಮ ಆರ್ಕೆಸ್ಟ್ರಾ. ಗಿಟಾರ್ ನುಡಿಸೋರಿಗೆ ಜ್ವರ ಬಂದು ನನ್ನ ಕರೆದಿದ್ದಾರೆ. ಹನ್ನೊಂದು ವರ್ಷ ಕಾದಿದ್ದೀನಿ! ಆದ್ರೆ ಈ ಮೂರನೇ ತಂತಿ ಸ್ವಲ್ಪ ಜಿರ್ ಅಂತಿದೆ. ಸರಿ ಹೋಗದಿದ್ರೆ ಕೀಬೋರ್ಡಲ್ಲೇ ಗಿಟಾರ್ ಶಬ್ದ ಹಾಕಿಸ್ತೀನಿ, ಆಮೇಲೆ ನಿನ್ನ ಕರೆಯೋದೇ ಇಲ್ಲ ಅಂದಿದ್ದಾರೆ ಆರ್ಕೆಸ್ಟ್ರಾ ಯಜಮಾನರು."

"ವಾದ್ಯ ಅಂದ್ಮೇಲೆ ಎಲ್ಲಾ ಒಂದೇ ಕಣಯ್ಯಾ, ಕೊಡು ಇಲ್ಲಿ" ಎಂದರು ಆಚಾರ್.

ಗಿಟಾರನ್ನು ಅವರು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಆದರೂ ರೋಗ ಕಂಡುಹಿಡಿಯಲು ಎರಡು ನಿಮಿಷ ಹಿಡಿಯಲಿಲ್ಲ. ತಂತಿಗಳು ಬಂದು ಕೂರುವ ಕುದುರೆಯಲ್ಲಿ ಒಂದೊಂದು ತಂತಿಗೂ ಒಂದೊಂದು ಪುಟ್ಟ ಲೋಹದ ತುಂಡು. ಸ್ಕ್ರೂ ತಿರುಗಿಸಿದರೆ ಅದು ಏಳುತ್ತದೆ, ಇಳಿಯುತ್ತದೆ. ಆರೂ ತುಂಡುಗಳು ಆರು ಎತ್ತರದಲ್ಲಿದ್ದವು! ಆಚಾರ್ ಮರುಗಿಬಿಟ್ಟರು. "ಪಾಪ, ಯಾವನೋ ಕಣ್ಣಿಲ್ಲದವನು ಮಾಡಿದ್ದಾನೆ." ಸ್ಕೇಲು ಬಂತು. ಆರೂ ತುಂಡು ಒಂದೇ ಗೆರೆಗೆ ನಿಂತವು, ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ. ಬೆಳಕು ನುಸುಳಲು ಜಾಗವಿಲ್ಲ.

ಪದ್ಮರಾಜು ನುಡಿಸಿದ. ಮೊದಲು ಒಂದು ತಂತಿ ಜಿರ್ ಎನ್ನುತ್ತಿತ್ತು. ಈಗ ನಡುವಿನ ಎರಡೂ ಜೀರುಂಡೆ!

"ತಗ್ಗಾಯ್ತು" ಎಂದು ಆಚಾರ್ ಆರನ್ನೂ ಸಮನಾಗಿ ಎತ್ತಿದರು. ಜಿರ್ ನಿಂತಿತು. ಆದರೆ ಅಂಚಿನ ತಂತಿಗಳು ಎಷ್ಟು ಮೇಲೆ ಹೋದವೆಂದರೆ, ಒತ್ತಿ ಒತ್ತಿ ಪದ್ಮರಾಜುವಿನ ಬೆರಳ ತುದಿ ಕೆಂಪಾಯಿತು. ಮತ್ತೆ ಇಳಿಸಿದರು, ಮತ್ತೆ ಜೀರುಂಡೆ. ಎತ್ತಿದರೆ ಬೆರಳು ಕೂಗುತ್ತದೆ, ಇಳಿಸಿದರೆ ತಂತಿ ಕೂಗುತ್ತದೆ.

ಆಚಾರ್ರಿಗೆ ತಲೆಬುಡ ತಿಳಿಯಲಿಲ್ಲ. ಸ್ಕೇಲು ಡೊಂಕಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಿದರು. ಇಲ್ಲ. ಕನ್ನಡಕ ಒರೆಸಿದರು, ಗಿಟಾರನ್ನು ತಿರುಗಿಸಿ ಬೆನ್ನು ನೋಡಿದರು, ಅಲ್ಲಿ ಏನಿರುತ್ತದೋ ದೇವರಿಗೇ ಗೊತ್ತು. ಎಲ್ಲ ಸಮ ಇದೆ, ಆದರೂ ಸ್ವರವಿಲ್ಲ! ಹಾಗಾದರೆ ಮೂವತ್ತೆಂಟು ವರ್ಷ ತಾವು ಹೇಳಿದ್ದೇ ಸುಳ್ಳೇ? ಆ ಯೋಚನೆಯನ್ನು ಅಲ್ಲೇ ಅದುಮಿಬಿಟ್ಟು, ತಂತಿ ಸಡಿಲಿಸಿ, ಬೆರಳೊತ್ತುವ ಹಲಗೆಯ ಮೇಲೆ ಸ್ಕೇಲನ್ನು ಅಡ್ಡ ಇಟ್ಟರು. ನಡುವೆ ಹಲಗೆ ತಾಗುತ್ತದೆ, ಎರಡು ಬದಿಗೂ ಬೆಳಕೋ ಬೆಳಕು.

"ಸಿಕ್ಕಿಬಿಟ್ಟ ಕಳ್ಳ! ಹಲಗೆ ತೇವ ಹಿಡಿದು ನಡುವೆ ಉಬ್ಬಿದೆ ಕಣಯ್ಯಾ. ಅರ ಹಾಕಿ ಉಜ್ಜಿ ಚಪ್ಪಟೆ ಮಾಡಿಬಿಟ್ಟರೆ ಮುಗೀತು."

ಪದ್ಮರಾಜು ಗಿಟಾರಿಗೆ ಕೈ ಅಡ್ಡ ಹಿಡಿದ. "ಆಚಾರ್ರೇ, ಅದು ಕೊಂಡಾಗಿನಿಂದ ಹಾಗೇ ಇದೆ..."

"ಕೊಂಡಾಗಿನಿಂದ ಜ್ವರ ಇದ್ರೆ ಅದು ಜ್ವರ ಅಲ್ವೇನೋ?" ಅಷ್ಟರಲ್ಲಿ ಅರ ಕೈಗೆ ಬಂದಿತ್ತು.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಆಚಾರ್ರ ಹೆಂಡತಿ ಜಲಜಾಕ್ಷಮ್ಮ ಬ್ಲೌಸ್ ಹೊಲಿಯುತ್ತಿದ್ದರು. ಮಿಷನ್ನಿನ ಸದ್ದು ನಿಂತಿತು.

"ಏನ್ರೀ, ಬ್ಲೌಸು ಸರಿಯಾಗಿ ಕೂರದಿದ್ರೆ ನಾನು ಹೊಲಿಗೆ ಬಿಚ್ಚಿ ಹೊಲೀತೀನೋ, ಆ ಹೆಂಗಸಿನ ಭುಜ ಕೊಯ್ತೀನೋ?"

"ಇದು ಬ್ಲೌಸಲ್ಲ ಕಣೇ, ವಾದ್ಯ!"

"ಅದಕ್ಕೂ ಮೈ ಇದೆಯಲ್ಲ! ಅರ ಕೆಳಗಿಡಿ ಮೊದಲು. ಉಬ್ಬು ಒಂದೇ ಕಡೆ ಇದೆಯೋ, ಉದ್ದಕ್ಕೂ ಇದೆಯೋ?"

ಆಚಾರ್ ಸ್ಕೇಲನ್ನು ಮೇಲಿಂದ ಕೆಳಗಿನವರೆಗೆ ಜಾರಿಸಿದರು. ಎಲ್ಲಿ ಇಟ್ಟರೂ ಅದೇ ನಯವಾದ ಬಾಗು.

"ತೇವಕ್ಕೆ ಉಬ್ಬಿದ್ದು ಇಷ್ಟು ಅಂದವಾಗಿ ಉಬ್ಬುತ್ತೇನ್ರೀ? ಅದನ್ನ ಮಾಡಿದವನು ಬೇಕೂಂತಲೇ ಮಾಡಿದ್ದಾನೆ" ಎಂದರು ಜಲಜಾಕ್ಷಮ್ಮ. ಮತ್ತೆ ಪದ್ಮರಾಜುವಿನ ಕಡೆ ತಿರುಗಿ, "ಏನಪ್ಪಾ, ಆ ಕರೆಯೋಲೆ ದಪ್ಪ ರಟ್ಟಿಂದಲ್ವಾ? ಕೊಡಿಲ್ಲಿ" ಎಂದರು.

ಸಡಿಲವಾಗಿದ್ದ ತಂತಿಗಳನ್ನು ಬದಿಗೆ ಸರಿಸಿ, ಕರೆಯೋಲೆಯನ್ನು ಹಲಗೆಯ ತುದಿಗೆ ಒತ್ತಿ ಹಿಡಿದು, ಬಾಗಿನುದ್ದಕ್ಕೂ ಪೆನ್ಸಿಲ್ ಎಳೆದರು. ಕತ್ತರಿ ಆಡಿತು. ಹಲಗೆಯ ಮೇಲೆ ಇಟ್ಟು ನೋಡಿದರು, ಚೂರು ಕತ್ತರಿಸಿದರು, ಮತ್ತೆ ಇಟ್ಟರು. ಮೂರನೇ ಸಲಕ್ಕೆ ರಟ್ಟಿನ ಅಂಚು ಹಲಗೆಯನ್ನು ತಬ್ಬಿ ಕೂತಿತು.

ತಂತಿಗಳನ್ನು ಮತ್ತೆ ಬಿಗಿದು, ಅದೇ ರಟ್ಟನ್ನು ಕುದುರೆಯ ಬಳಿ ತಂತಿಗಳ ಮೇಲಿಟ್ಟರು. ಅಂಚಿನ ಎರಡು ತಂತಿ ಮಾತ್ರ ತಾಗಿದವು, ನಡುವಿನವು ಕೆಳಗೇ ಉಳಿದವು. ಆಚಾರ್ರ ಅರ ತಾನಾಗಿಯೇ ಡಬ್ಬಿಗೆ ಹೋಯಿತು.

ಮುಂದಿನದು ಅವರ ಕೈಗೆ ಗೊತ್ತಿದ್ದ ಕೆಲಸವೇ. ಅಂಚಿನ ಎರಡನ್ನು ಬೆರಳಿಗೆ ಹಿತವಾಗುವಷ್ಟು ತಗ್ಗಿಸಿದರು. ಉಳಿದ ನಾಲ್ಕನ್ನು ರಟ್ಟಿಗೆ ತಾಗುವ ತನಕ ಎತ್ತಿದರು, ನಡುವಿನ ಎರಡು ಎಲ್ಲಕ್ಕಿಂತ ಮೇಲೆ. ನೋಡಿದರೆ ಕುದುರೆ ಮತ್ತೆ ಏರುಪೇರು, ಹೆಚ್ಚುಕಡಿಮೆ ಆ "ಕಣ್ಣಿಲ್ಲದವನು" ಮಾಡಿದ ಹಾಗೆಯೇ! ಅವನ ಕೆಲಸದಲ್ಲಿ ಮೂರನೇ ತುಂಡು ಮಾತ್ರ ಸಡಿಲವಾಗಿ ತಗ್ಗಿತ್ತು, ಅಷ್ಟೇ.

ಪದ್ಮರಾಜು ಹೆದರುತ್ತಲೇ ಮೀಟಿದ. ಆರೂ ತಂತಿ ತಿಳಿನೀರಿನ ಹಾಗೆ ನುಡಿದವು.

"ಈಗ ಸಮ ಇದೆಯೇನ್ರೀ?" ಕೇಳಿದರು ಜಲಜಾಕ್ಷಮ್ಮ.

"ಇದೆ ಕಣೇ" ಎಂದರು ಆಚಾರ್ ಮೆಲ್ಲಗೆ. "ನಾನು ಒಂದು ತಂತಿಗೂ ಇನ್ನೊಂದು ತಂತಿಗೂ ಸಮ ನೋಡ್ತಾ ಕೂತೆ. ತಂತಿಗೂ ಅದರ ಕೆಳಗಿನ ಹಲಗೆಗೂ ನೋಡಬೇಕಿತ್ತು."

ಸಂಜೆ ಕಲ್ಯಾಣಮಂಟಪದ ಕಡೇ ಸಾಲಿನಲ್ಲಿ ದಂಪತಿ ಇಬ್ಬರೂ ಕೂತಿದ್ದರು. ಜನ ಊಟದ ಪಂಕ್ತಿಯ ಕಡೆ ನೋಡುತ್ತಿದ್ದರೆ ಆಚಾರ್ರ ಕಿವಿಯೆಲ್ಲ ಮೂರನೇ ತಂತಿಯ ಮೇಲೆ. ಒಂದು ಜೀರುಂಡೆಯೂ ಕೂಗಲಿಲ್ಲ. ಮೂರನೆಯ ಹಾಡು ಮುಗಿದಾಗ ಯಜಮಾನರು ಕೀಬೋರ್ಡಿನವರಿಗೆ ಕೈಸನ್ನೆ ಮಾಡಿದರು: ಗಿಟಾರ್ ಶಬ್ದ ಬೇಡ, ನಮ್ಮವನೇ ಇದ್ದಾನೆ.

ನೀತಿ: ಎಲ್ಲರನ್ನೂ ಒಂದೇ ಗೆರೆಗೆ ನಿಲ್ಲಿಸಿದರೆ ಅದು ಸಮವಲ್ಲ, ಅವರವರು ನಿಂತ ನೆಲದಿಂದ ಅಳೆದರೆ ಸಮ. ನಮ್ಮ ಅಳತೆಗೆ ಲೋಕ ಒಗ್ಗದಿದ್ದರೆ ಲೋಕಕ್ಕೆ ಅರ ಹಾಕುವ ಮೊದಲು ಅಳತೆಗೋಲನ್ನು ಬದಲಿಸಿ ನೋಡಬೇಕು.

ಆಚಾರ್ರ ಅಂಗಡಿಯಲ್ಲಿ ಈಗ ಒಂದೇ ಮೊಳೆಗೆ ಎರಡು ತೂಗುತ್ತವೆ. ಹಾರ್ಮೋನಿಯಂಗೆ ಸ್ಟೀಲ್ ಸ್ಕೇಲು, ಗಿಟಾರಿಗೆ ರಟ್ಟು. ವಧೂವರರ ಹೆಸರು ಜಲಜಾಕ್ಷಮ್ಮನ ಕತ್ತರಿಗೆ ಹೋಯಿತು, ಪಾಪ. ಆದರೆ ಬಾಗಿದ ಅಂಚಿನ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾದ ಆ ದಿನ ಹಾಗೆಯೇ ಉಳಿದಿದೆ, ಹೋದವರು ಓದಿಕೊಳ್ಳಬಹುದು: ದಿನಾಂಕ 24-11-2019, ಭಾನುವಾರ.