ಹಿಮವ್ವನ ಸುಮ್ಮನಿರದ ಬಿಡಾರದವರು

ಕಡಲ ತಳದ ಕೆಸರಿನಲ್ಲಿ ಹಿಮವ್ವನೆಂಬ ಹಿಮಗಡ್ಡೆ ಇದ್ದಳು. ಅವಳ ಮೈತುಂಬ ಸಾಲು ಸಾಲು ಪುಟ್ಟ ಕೋಣೆಗಳು, ಕೋಣೆಗೊಂದು ಅನಿಲದ ಕಣದ ಬಿಡಾರ. ಕೋಣೆ ತುಸು ಸಡಿಲವಾದ್ದರಿಂದ ಕಣಗಳು ಸದಾ ಕುಣಿದು ಗೋಡೆಗೆ ಢಿಕ್ಕಿ ಹೊಡೆಯುತ್ತಿದ್ದವು. ಹಿಮವ್ವನಿಗೆ ತಲೆ ಚಿಟ್ಟು ಹಿಡಿದಿತ್ತು. ಪಕ್ಕದ ಹಿಮಗಡ್ಡೆಯಲ್ಲಿ ಬಿಡಾರದವರೂ ಇಲ್ಲ, ಸದ್ದೂ ಇಲ್ಲ.

ಒಂದು ದಿನ ಭೂಮಿಯ ಒಡಲಿನಿಂದ ಬಿಸಿರಾಯ ಬಂದ. ಪಕ್ಕದ ಗಡ್ಡೆಯ ಖಾಲಿ ಓಣಿಗಳಲ್ಲಿ ಒಂದೇ ಓಟಕ್ಕೆ ನುಗ್ಗಿ, ಅದನ್ನು ನೀರು ಮಾಡಿ, ಇತ್ತ ತಿರುಗಿದ.

"ದಾರಿ ಬಿಡು. ನಿನ್ನ ನಡುಮನೆ ನೋಡಬೇಕು," ಎಂದ.

ಹೆದರಿದ ಹಿಮವ್ವ ಕಣಗಳತ್ತ ತಿರುಗಿ, "ರಾಯರಿಗೆ ಸಿಟ್ಟು ಬಂದೀತು, ಈಗಲಾದರೂ ಮರ್ಯಾದೆಯಿಂದ ಸುಮ್ಮನಿರಿ!" ಎಂದು ಬೇಡಿಕೊಂಡಳು.

"ಆಗದವ್ವಾ, ಹುಟ್ಟುಗುಣ," ಎಂದಿತು ಮೊದಲ ಕೋಣೆಯ ಕಣ.

ಬಿಸಿರಾಯ ಒಳಗೆ ಕಾಲಿಟ್ಟನೋ ಇಲ್ಲವೋ, ಅದು "ಬನ್ನಿ ರಾಯರೇ, ಬನ್ನಿ!" ಎಂದು ಕೈ ಹಿಡಿದು ಗರಗರ ತಿರುಗಿಸಿಬಿಟ್ಟಿತು. ಅವನು ದಿಕ್ಕು ತಪ್ಪಿ ಪಕ್ಕದ ಕೋಣೆಗೆ ಬಿದ್ದ. ಅಲ್ಲಿಯೂ "ಬನ್ನಿ, ಬನ್ನಿ!" ಹತ್ತು ಕೋಣೆ ಸುತ್ತುವಷ್ಟರಲ್ಲಿ ಏದುಸಿರು ಬಂತು. ಹನ್ನೊಂದನೆಯದರಿಂದ ಹೊರಬಿದ್ದು ನೋಡಿದರೆ, ಬಂದ ಬಾಗಿಲಲ್ಲೇ ನಿಂತಿದ್ದ.

"ಹೊರಗಿನಿಂದ ಎಷ್ಟು ಅಚ್ಚುಕಟ್ಟು! ಒಳಗೆ ಇದೆಂಥ ಸಂತೆ, ತಾಯಿ?" ಎಂದು ಗೊಣಗುತ್ತ, ತಲೆ ಹಿಡಿದುಕೊಂಡು ಹೊರಟ.

ಹಿಮವ್ವನಿಗೆ ಕಣಗಳ ಮೇಲೆ ಎಂದೂ ಬಾರದ ಅಕ್ಕರೆ ಬಂತು. "ದಣಿದಿದ್ದೀರಿ ಮಕ್ಕಳಾ, ಸ್ವಲ್ಪ ಕೂತುಕೊಳ್ಳಿ," ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬಿಸಿರಾಯ ದೂರದಿಂದ ತಿರುಗಿ ನೋಡಿದ. ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.