ಜಟ್ಟು ತಾಂಡೇಲನ ಸಡಿಲ ಗಂಟು

ಜಟ್ಟು ತಾಂಡೇಲನ ಬೆನ್ನ ಹಿಂದೆ ನಿಂತು ರಂಪಣಿ ಹಗ್ಗ ಎಳೆದವರು ಈ ಕಡಲತೀರದಲ್ಲಿ ಯಾರಾದರೂ ಉಳಿದಿದ್ದರೆ ಅದು ನಾನೊಬ್ಬನೇ. ಸುಳ್ಳು ಅನ್ನುವವರು ಎದ್ದು ಬರಲಿ. ಎದ್ದು ಬರಬೇಕಾದವರೆಲ್ಲ ಮಣ್ಣಾಗಿ ಎಷ್ಟೋ ಕಾಲವಾಯಿತು. ನನ್ನ ಅಂಗೈ ನೋಡಿ. ಇದು ಹಣೆಬರಹದ ಗೆರೆಯಲ್ಲ, ಆ ಹಗ್ಗ ಕೊಯ್ದ ಗೆರೆ. ಅದಕ್ಕೂ ಮೊದಲಿನದು ನಾನು ಕಂಡದ್ದಲ್ಲ, ಕೇಳಿದ್ದು.

ಬಹಳ ಹಿಂದೆ ಮರಳಕೇರಿ ಅಂತ ಒಂದೂರಿತ್ತಂತೆ. ಮುಂದೆ ಕಡಲು, ಪಕ್ಕದಲ್ಲಿ ಕಡಲಿಗೆ ಚಾಚಿದ ಬಂಡೆ, ಹಿಂದೆ ಕೇದಗೆ ಪೊದೆ. ಊರಿಗೆಲ್ಲ ಒಂದೇ ಬಲೆ, ರಂಪಣಿ. ಅದು ಒಬ್ಬರ ಸ್ವತ್ತಲ್ಲ. ಮನೆಮನೆಯವರು ಒಂದೊಂದು ತುಂಡು ಹೆಣೆದು ತರಬೇಕು, ಎಲ್ಲವನ್ನೂ ಸೇರಿಸಿ ಹೊಲಿಯಬೇಕು. ದೋಣಿ ಅದನ್ನು ಕಡಲಲ್ಲಿ ಅರ್ಧಚಂದ್ರನ ಹಾಗೆ ಬಿಡುತ್ತದೆ, ದಂಡೆಯ ಜನ ಎರಡೂ ತುದಿಯ ಹಗ್ಗ ಎಳೆಯುತ್ತಾರೆ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಜಾತಿ ಕೇಳುವಂತಿಲ್ಲ, ಊರು ಕೇಳುವಂತಿಲ್ಲ. ಉಪ್ಪು ಮಾರಲು ಹೊರಟವನು ಬುಟ್ಟಿ ಇಳಿಸಿ ಕೈ ಹಾಕಿದರೆ ಅವನಿಗೂ ಪಾಲು. ಬರಲೇಬೇಕು ಅಂತ ಯಾರಿಗೂ ಕಟ್ಟಳೆಯಿಲ್ಲ, ಬಂದವರನ್ನು ಅಟ್ಟುವ ಹಕ್ಕೂ ಯಾರಿಗಿಲ್ಲ.

ಇಂಥ ಬಲೆಯ ಮುಂದಾಳು ಜಟ್ಟು. ಮುಂದಾಳಿಗೆ ನಮ್ಮಲ್ಲಿ ತಾಂಡೇಲ ಅನ್ನುವುದು. ಅವನಿಗೂ ಎಲ್ಲರಷ್ಟೇ ಪಾಲು. ಮರಳಿಗೆ ಕಿವಿಯಿಟ್ಟರೆ ಬರುವ ಮೀನು ಬಂಗುಡೆಯೋ ತಾರ್ಲಿಯೋ ಹೇಳುತ್ತಿದ್ದನಂತೆ. ಹುಟ್ಟಿದ ಮೇಲೆ ದನಿ ಎತ್ತಿದವನಲ್ಲವಂತೆ. ಅವನು ಮೆಲ್ಲಗೆ ಮಾತಾಡಿದರೆ ಅದನ್ನು ಕೇಳಿಸಿಕೊಳ್ಳಲು ತೆರೆಗಳೇ ಸದ್ದು ತಗ್ಗಿಸುತ್ತಿದ್ದವಂತೆ.

ಆದರೆ ಅವನಿಗೂ ಒಂದು ತಲೆನೋವು ಇತ್ತು, ಗೋಯ್ದ. ಬಲೆ ಹೆಣೆಯುವುದರಲ್ಲಿ ಗೋಯ್ದನ ಸಮ ಯಾರೂ ಇಲ್ಲ. ಅವನು ಹಾಕಿದ ಗಂಟು ಕಚ್ಚಿ ತಿಮಿಂಗಿಲವೊಂದು ಹಲ್ಲು ಕಳೆದುಕೊಂಡಿತ್ತು ಅನ್ನುತ್ತಾರೆ. ನಾಲಿಗೆ ಮಾತ್ರ ಮೀನುಗತ್ತಿ. ತಪ್ಪು ಗಂಟು ತೋರಿಸಬೇಕಾದ್ದೇ, ಇಲ್ಲವಾದರೆ ಬಲೆ ಹರಿಯುತ್ತದೆ. ಗೋಯ್ದ ಗಂಟು ಬಿಟ್ಟು ಮನುಷ್ಯರ ಕುತ್ತಿಗೆಗೆ ಬೀಳುತ್ತಿದ್ದ.

ಆ ವರ್ಷ ನಾಗಿ ಅನ್ನುವವಳು ಘಟ್ಟದ ಮೇಲಿಂದ ಮದುವೆಯಾಗಿ ಬಂದಿದ್ದಳು. ಮೊದಲ ಸಲ ತುಂಡು ಹೆಣೆದು ತಂದಳು. ಗೋಯ್ದ ಅದನ್ನು ಕಾಲ್ಬೆರಳಲ್ಲಿ ಎತ್ತಿ ಹಿಡಿದ.

"ಏ ಘಟ್ಟದವಳೇ, ಇದನ್ನು ಹೆಣೆದದ್ದು ಬೆಕ್ಕೋ ನೀನೋ? ಬೆಕ್ಕಾದರೆ ಬೇಜಾರಿಲ್ಲ, ಪಾಪ, ಅದಕ್ಕೆ ಬೆರಳಿಲ್ಲ."

ಸುತ್ತಲಿದ್ದವರು ನಕ್ಕರು. ಜಟ್ಟು ಅಲ್ಲೇ ಇದ್ದ. ಗೋಯ್ದನ ಕೈ ಬಲೆಗೆ ಬೇಕಲ್ಲ ಅಂದುಕೊಂಡು ಅವನೂ ಸುಮ್ಮನಾದ. ನಾಗಿ ತುಂಡು ಮಡಚಿಕೊಂಡು ಹೋದಳು. ಮರುದಿನ ಅವಳ ಓಣಿಯವರೆಲ್ಲ ಬಂದು ತಮ್ಮ ತಮ್ಮ ತುಂಡು ಬಿಚ್ಚಿಕೊಂಡು ಹೋದರು. ಆಮೇಲೆ ಪಕ್ಕದ ಓಣಿಯವರು. ಜೊಳ್ಳು ಹೋಯಿತು, ಒಳ್ಳೆಯದೇ ಆಯಿತು ಅಂದನಂತೆ ಗೋಯ್ದ.

ಆಗ ಬಂತು ನೋಡಿ ಬಂಗುಡೆ. ಕಡಲು ಕಣ್ಣು ಹಾಯುವಷ್ಟು ದೂರ ನೇರಳೆ ಬಣ್ಣಕ್ಕೆ ತಿರುಗಿತಂತೆ. ಮಳೆಗಾಲಕ್ಕೆ ಒಣಗಿಸಿಡುವ ಮೀನು ಅದೇ. ಅದು ತಪ್ಪಿದರೆ ಊರಿಗೆ ಊರೇ ಬರೀ ಗಂಜಿನೀರು. ಬಲೆ ಬಿಟ್ಟರು. ಗಿಡ್ಡವಾಯಿತು. ಹಗ್ಗ ಹಿಡಿದರು. ಕೈ ಸಾಲಲಿಲ್ಲ. ಬಾಗಿಲು ತೆರೆದಿಟ್ಟ ಮನೆಯಿಂದ ಹೊರಬೀಳುವ ಹಾಗೆ ಮೀನು ಬಲೆಯ ತುದಿ ಸುತ್ತಿ ಹೊರಟಿತು.

ಜಟ್ಟು ಮೀನು ನೋಡಿದ, ಆಮೇಲೆ ಖಾಲಿ ಮರಳು ನೋಡಿದ. ಮೀನು ಕೈತಪ್ಪಿದ್ದು ಈವತ್ತಲ್ಲ, ತಾನು ಬಾಯಿ ಮುಚ್ಚಿಕೊಂಡು ನಿಂತ ದಿನವೇ ಅಂತ ಅವನಿಗೆ ಹೊಳೆಯಿತು. ಸೊಂಟಮಟ್ಟ ನೀರಿಗೆ ಇಳಿದು ಕಡಲಿಗೆ ಏನೋ ಹೇಳಿದ. ಏನು ಹೇಳಿದನೋ, ಮೀನು ಬಂಡೆಯಾಚೆ ಹೋಗಿ ಕಾದು ನಿಂತಿತು ಅನ್ನುತ್ತಾರೆ. ಜಟ್ಟು ವಾಪಸು ಬಂದು, ಬಲೆಯ ನಡುಮಧ್ಯೆ ಇದ್ದ ತನ್ನ ತುಂಡನ್ನೇ ಚಾಕುವಿನಿಂದ ಬಿಡಿಸಿ ಹೆಗಲ ಮೇಲೆ ಹಾಕಿಕೊಂಡು ನಡೆದ. ಹಿಂದೆ ಇಡೀ ಊರು, ಗೋಯ್ದನೂ. ನಾಗಿಯ ಅಂಗಳದಲ್ಲಿ ತುಂಡು ಹಾಸಿದ.

"ಇದು ನಾನು ಹೆಣೆದದ್ದು ತಂಗೀ. ತಪ್ಪು ಎಲ್ಲಿದೆ ಹುಡುಕು."

ನಾಗಿ ಕಂಬಕ್ಕೆ ಒರಗಿ ನಿಂತಿದ್ದಳು. ಬಂದು ತುಂಡಿನ ಮುಂದೆ ಕೂತಳು. ಬಲೆಯ ಒಂದೊಂದೇ ಕಣ್ಣಿಗೆ ಬೆರಳು ಹಾಕಿ ಜಗ್ಗಿದಳು.

"ಈ ಗಂಟು ಸಡಿಲ."

ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ತಾಂಡೇಲನ ಗಂಟು! ಜಟ್ಟು ಬಗ್ಗಿ ನೋಡಿದ.

"ಹೌದು, ಸಡಿಲ. ನೀನೇ ಬಿಗಿ ಮಾಡು."

ನಾಗಿ ಬಿಗಿ ಮಾಡಿದಳು. ಬೇಕಂತಲೇ ಸಡಿಲ ಬಿಟ್ಟಿದ್ದ ಅನ್ನುತ್ತಾರೆ ಕೆಲವರು. ಅವನಿಗೇ ಗೊತ್ತಿರಲಿಲ್ಲ ಅನ್ನುತ್ತಾರೆ ಇನ್ನು ಕೆಲವರು. ಅವನಂತೂ ಸಾಯುವವರೆಗೆ ಹೇಳಲಿಲ್ಲ.

ಆಮೇಲೆ ಗೋಯ್ದನ ಕಡೆ ತಿರುಗಿದ. "ಗಂಟಿಗೆ ಏನು ಬೇಕಾದರೂ ಹೇಳು ಗೋಯ್ದ. ಗಂಟು ಹಾಕಿದ ಕೈಗೆ ಹೇಳಬೇಡ."

ನಾಗಿ ಒಳಗಿನಿಂದ ತನ್ನ ತುಂಡು ತಂದು ಹಾಸಿದಳು. ಗೋಯ್ದ ಅದರ ಮುಂದೆ ಕೂತ. "ಈ ಗಂಟು..." ಅಂತ ಶುರು ಮಾಡಿದ. ಮುಂದಿನ ಮಾತು ಮೀನುಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಮುಖ ಕೆಂಪಾಯಿತು. ನುಂಗಿದ. "ಈ ಗಂಟನ್ನು ಹೀಗೆ ತಿರುಗಿಸಬೇಕು" ಅಂತ ತಿರುಗಿಸಿ ತೋರಿಸಿದ.

"ಬೆಕ್ಕು ನೋಡಿಕೊಂಡಿತು ಅಣ್ಣ, ಇನ್ನೊಮ್ಮೆ ತೋರಿಸಿ" ಅಂದಳು ನಾಗಿ. ಈ ಸಲ ನಗುವಿಗೆ ಗೋಯ್ದನೂ ಸೇರಿದ.

ಬಿಚ್ಚಿದ ತುಂಡುಗಳೆಲ್ಲ ಮರಳಿ ಬಂದವು, ಹೊಲಿದು ಕಾದಿದ್ದ ಮೀನಿನ ಸುತ್ತ ಬಲೆ ಬಿಟ್ಟರು. ಬಲೆಯ ಒಂದು ತುದಿ ಮರಳಕೇರಿಯ ಬಂಡೆಯಲ್ಲಿ, ಇನ್ನೊಂದು ಪಕ್ಕದೂರಿನ ಬಂಡೆಯಲ್ಲಿ ಇತ್ತಂತೆ. ದಂಡೆಯ ಮೇಲೆ ಹೊರಟಿದ್ದ ಮದುವೆ ದಿಬ್ಬಣ ಹಗ್ಗಕ್ಕೆ ಕೈ ಹಾಕಿತು, ಮದುಮಗ ಬಾಸಿಂಗದ ಸಮೇತ. ಬಲೆ ಮೇಲೆ ಬಂದಾಗ ಕಡಲು ಒಂದು ಗೇಣು ಇಳಿದಿತ್ತಂತೆ. ಕಡಲಕಾಗೆಗಳು ತಿಂದು ತಿಂದು ಹಾರಲಾರದೆ ನಡೆದೇ ಮನೆಗೆ ಹೋದವಂತೆ. ಒಣಮೀನಿನ ವಾಸನೆ ಘಟ್ಟ ಹತ್ತಿತು, ಅಲ್ಲಿಯವರು ಅದನ್ನೇ ನಂಜಿಕೊಂಡು ಅನ್ನ ಉಂಡರು ಅನ್ನುತ್ತಾರೆ.

ಇದಕ್ಕಿಂತ ದೊಡ್ಡದು ಮುಂದಿದೆ. ನಾಗಿಯ ಕೈ ಪಳಗಿದ ಮೇಲೆ ಜಟ್ಟು ತಾಂಡೇಲ ಹಿಡಿಯುವ ಹಗ್ಗದ ಮೊದಲ ಹಿಡಿಯನ್ನು ಅವಳಿಗೆ ಕೊಟ್ಟ. ಕಸುವು ಇರುವಾಗಲೇ ಜಾಗ ಬಿಟ್ಟುಕೊಟ್ಟ ಮುಂದಾಳನ್ನು ಕಂಡಿದ್ದೀರಾ ನೀವು? ತಾನು ಹೋಗಿ ಹಗ್ಗದ ಕಟ್ಟಕಡೆಗೆ ನಿಂತ. ಅಲ್ಲಿಂದ ಎಲ್ಲರ ಬೆನ್ನು ಕಾಣುತ್ತದೆ, ಯಾರು ದಣಿದರು ಗೊತ್ತಾಗುತ್ತದೆ ಅಂದನಂತೆ. ಬದುಕಿರುವಷ್ಟು ದಿನ ಅಲ್ಲೇ ನಿಂತ. ಅವನ ಹಿಂದೆ ಒಬ್ಬರೂ ಇಲ್ಲ, ಬರೀ ಮರಳು, ಗಾಳಿ.

ಈಗಲೂ ಮರಳಕೇರಿಯಲ್ಲಿ ಹೊಸ ಬಲೆ ನೀರು ಮುಟ್ಟುವ ಮೊದಲು ತಾಂಡೇಲನಾದವನು ತನ್ನ ತುಂಡನ್ನೇ ಮೊದಲು ಹಾಸಬೇಕು. ಯಾರು ಬೇಕಾದರೂ ಜಗ್ಗಬಹುದು, ಗಂಟು ಸಡಿಲ ಅನ್ನಬಹುದು, ಯಾರ ಗಂಟು ಅನ್ನುವಂತಿಲ್ಲ. ಹಗ್ಗದ ಕೊನೆಯ ಒಂದು ಮಾರು ಯಾರೂ ಹಿಡಿಯುವುದಿಲ್ಲ, ಮರಳ ಮೇಲೆ ಬಿಡುತ್ತಾರೆ. ಅದು ಜಟ್ಟುವಿನ ಜಾಗ.

ಇಷ್ಟು ಹೇಳಿ ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಮೂಲೆಯಲ್ಲಿ ಬಲೆ ಹೆಣೆಯುತ್ತಾ ಕೂತಿದ್ದ ಮೊಮ್ಮಗಳು ಮಂಕಾಳಿ ತಲೆ ಎತ್ತಲಿಲ್ಲ, ಕೈ ನಿಲ್ಲಿಸಿದಳು.

"ಅಜ್ಜ, ಜಟ್ಟುವಿನ ಹಿಂದೆ ಒಬ್ಬರೂ ಇರಲಿಲ್ಲ ಅಂದಿರಿ. ಹಾಗಾದರೆ ಅವನ ಬೆನ್ನ ಹಿಂದೆ ನೀವು ನಿಂತದ್ದು ಎಲ್ಲಿ?"

ನಾನು ಸುಣ್ಣ ಹಚ್ಚಿದ ಎಲೆ ಮಡಚಿದೆ.

"ಸಡಿಲ ಇದೆಯಾ? ನೀನೇ ಬಿಗಿ ಮಾಡು."