ಕೆಂಚಮ್ಮನ ಬರಿ ನೆಲ

ಹೊಳೆಯ ಈ ದಡದಲ್ಲಿ ಪೇಟೆ, ಆ ದಡದಲ್ಲಿ ಮರುಳಯ್ಯ ಗುರುಗಳ ಆಶ್ರಮ, ನಡುವೆ ಹಳೆಯದೊಂದು ಸೇತುವೆ.

ಆಶ್ರಮಕ್ಕೂ ನೀರಿಗೂ ಮಧ್ಯೆ ಒಳ್ಳೆಯ ಕಪ್ಪು ಮಣ್ಣಿನ ನೆಲವಿತ್ತು. ಗುರುಗಳು ಅದನ್ನು ಸಣ್ಣ ಸಣ್ಣ ತುಂಡು ಮಾಡಿಸಿ, ಸುತ್ತ ಕಲ್ಲು ನೆಡಿಸಿ, ಪೇಟೆಯವರಿಗೆ ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಅಂಗಳವಿಲ್ಲದ ಮನೆಗಳ ಜನ ಬಂದು ಬದನೆ, ಮೆಣಸಿನಕಾಯಿ, ಹರಿವೆ ಹಾಕಿಕೊಳ್ಳುತ್ತಿದ್ದರು.

ಇದನ್ನೆಲ್ಲ ನೋಡಿಕೊಳ್ಳುವ ಕೆಲಸ ಶಿಷ್ಯ ತಿಪ್ಪೇಶನದು. ಆಶ್ರಮಕ್ಕೆ ಬರುವ ಮೊದಲು ಅವನು ಬಟ್ಟೆ ಅಂಗಡಿಯಲ್ಲಿದ್ದ. ಯಾವುದು ಎಷ್ಟಕ್ಕೆ ಬಾಳುತ್ತದೆ ಎಂದು ಅಳೆದು ನೋಡುವ ಕಣ್ಣು ಇನ್ನೂ ಹೋಗಿರಲಿಲ್ಲ.

ಆ ಕಣ್ಣಿಗೆ ಸಿಕ್ಕದೆ ಉಳಿದದ್ದು ಒಂದೇ ತುಂಡು. ಹೊಂಗೆ ಮರದ ಪಕ್ಕದ್ದು. ಕೆಂಚಮ್ಮನದು.

ಕೆಂಚಮ್ಮ ಪೇಟೆಯ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸು. ಐವತ್ತರ ಆಸುಪಾಸು. ಮಧ್ಯಾಹ್ನದ ಊಟ ಬಡಿಸಿ ಮುಗಿಸಿ ಸೇತುವೆ ದಾಟಿ ಬರುವಳು. ಕಳೆ ಕಿತ್ತು, ಧೂಳು ಅಡಗುವಷ್ಟು ನೀರು ಚಿಮುಕಿಸಿ, ನೆಲದ ನಟ್ಟನಡುವೆ ಕಾಲು ಚಾಚಿ ಕೂರುವಳು. ಬಿಸಿಲು ಇಳಿದ ಮೇಲೆ ಸೆರಗು ಕೊಡವಿಕೊಂಡು ಹೋಗುವಳು.

ಒಂದು ಬೀಜವನ್ನೂ ಹಾಕುತ್ತಿರಲಿಲ್ಲ.

ತಿಪ್ಪೇಶನಿಗೆ ತಡೆಯಲಾಗಲಿಲ್ಲ.

‘ಅಮ್ಮಾ, ಈ ಸಲ ಏನು ಹಾಕ್ತೀರಿ?’

‘ಏನೂ ಇಲ್ಲ ತಮ್ಮಾ.’

‘ಬರೀ ಕೂರೋದಕ್ಕೆ ಯಾಕಮ್ಮ ಬಾಡಿಗೆ? ಹೊಳೆ ದಂಡೇಲಿ ಬಿಟ್ಟಿಯಾಗಿ ಕೂರಬಹುದಲ್ಲ?’

‘ಕೂತು ನೋಡಿದೀನಿ. ಬಟ್ಟೆ ಒಗೆಯೋರು ಬಂದು ಸ್ವಲ್ಪ ಸರೀರಿ ಅಂತಾರೆ.’

ಇಷ್ಟು ಹೇಳಿ ಕೆಂಚಮ್ಮ ಕಣ್ಣು ಮುಚ್ಚಿದಳು. ಮಾತು ಮುಗಿಯಿತು ಎಂದು ತಿಪ್ಪೇಶನಿಗೆ ತಿಳಿಯಿತು. ಅರ್ಥ ಮಾತ್ರ ತಿಳಿಯಲಿಲ್ಲ.

ಅವನು ಗುರುಗಳ ಬಳಿ ಹೋದ.

‘ಗುರುಗಳೇ, ನೆಲ ಬೇಕು ಅಂತ ಎಷ್ಟೋ ಜನ ಕೇಳಿಕೊಂಡು ಬರ್ತಾರೆ. ಅವರಿಗೆ ಏನು ಹೇಳಲಿ?’

‘ಎಲ್ಲಾ ತುಂಬಿದೆ ಅನ್ನು.’

‘ಹೊಂಗೆ ಮರದ ಪಕ್ಕದ್ದು ಖಾಲಿ ಬಿದ್ದಿದೆಯಲ್ಲ!’

‘ಅದೇ ಎಲ್ಲಕ್ಕಿಂತ ತುಂಬಿರೋದು,’ ಎಂದರು ಗುರುಗಳು.

ತಿಪ್ಪೇಶ ಹೊರಗೆ ಬಂದು ಹೊಂಗೆ ಮರದ ಕಡೆ ನೋಡಿದ. ಕಪ್ಪು ಮಣ್ಣು. ಅದರ ಮೇಲೆ ಒಂದು ಗುಬ್ಬಿ. ಗುಬ್ಬಿಯೂ ಹಾರಿಹೋಯಿತು.

ಆಮೇಲೊಮ್ಮೆ ಕೆಂಚಮ್ಮ ತಂಗಿಯ ಮನೆಯ ಮದುವೆಗೆಂದು ಊರಿಗೆ ಹೋದಳು. ಅವಳಿಲ್ಲದ ನೆಲವನ್ನು ದಿನಾ ನೋಡಿ ನೋಡಿ ತಿಪ್ಪೇಶನ ಕೈ ಸುಮ್ಮನಿರಲಿಲ್ಲ. ಪಾಪ, ಆಯಮ್ಮನಿಗೆ ಬೀಜ ತರಲು ಪುರುಸೊತ್ತಿಲ್ಲವೋ ಏನೋ ಎಂದುಕೊಂಡ. ಉಗ್ರಾಣದಿಂದ ಮೆಂತ್ಯ ತಂದ. ಮಣ್ಣು ಸಡಿಲಿಸಿ, ಒತ್ತಾಗಿ ಬಿತ್ತಿ, ಹೊತ್ತು ಹೊತ್ತಿಗೆ ನೀರು ಕೊಟ್ಟ.

ಮೆಂತ್ಯ ಹುಟ್ಟಿತು. ಇಡೀ ತುಂಡು ಎಳೆ ಹಸುರಾಯಿತು. ಕೆಂಚಮ್ಮ ಬರುವುದನ್ನೇ ಅವನು ಕಾದ. ಅವಳ ಮುಖ ಅರಳುವುದನ್ನು ನೋಡಬೇಕಿತ್ತು.

ಅವಳು ಬಂದಳು. ಕಲ್ಲಿನ ಹತ್ತಿರ ನಿಂತುಬಿಟ್ಟಳು.

‘ಯಾರು ಮಾಡಿದ್ದು ಇದು?’

‘ನಾನೇ ಅಮ್ಮಾ,’ ಎಂದ ತಿಪ್ಪೇಶ. ‘ಹೇಗಿದೆ?’

ಕೆಂಚಮ್ಮ ಬಗ್ಗಿ ಒಂದು ಎಳೆ ಸಸಿಯನ್ನು ಮುಟ್ಟಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು.

‘ತಮ್ಮಾ, ಬೆಳಗ್ಗೆ ಎದ್ದರೆ ಹಾಲು ಕಾಯಿಸು ಅಂತಾರೆ. ಹಾಸ್ಟೆಲಿಗೆ ಹೋದರೆ ಇನ್ನೊಂದು ಚಪಾತಿ ಅಂತಾರೆ, ಸಾರು ಅಂತಾರೆ. ಮನೆಗೆ ಬಂದರೆ ಅತ್ತೆ ಕಾಲು ಒತ್ತು ಅಂತಾಳೆ. ತಪ್ಪಲ್ಲ ಬಿಡು, ಎಲ್ಲಾ ನನ್ನೋರೇ. ಈ ಒಂದು ಜಾಗ ಮಾತ್ರ ನನ್ನ ಏನೂ ಕೇಳ್ತಿರಲಿಲ್ಲ.’

ಅವಳು ಹಸುರಿನ ಕಡೆ ಕೈ ತೋರಿಸಿದಳು.

‘ಈಗ ನೋಡು, ಇದೂ ನೀರು ಕೇಳ್ತಾ ನಿಂತಿದೆ.’

ಅಂದು ಅವಳು ಕೂರದೆ ಹೋದಳು.

ತಿಪ್ಪೇಶನಿಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಗುರುಗಳ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ.

‘ನಾನು ಕದ್ದೆನೇ ಗುರುಗಳೇ? ಕೊಟ್ಟೆ ತಾನೇ?’

‘ಬೀಜ ಯಾರದು?’ ಎಂದು ಕೇಳಿದರು ಗುರುಗಳು.

‘ಆಶ್ರಮದ್ದು.’

‘ನೆಲ?’

‘ಅದೂ ಆಶ್ರಮದ್ದೇ.’

‘ಸರಿ ಹಾಗಾದರೆ.’

ಗುರುಗಳು ಎದ್ದರು. ಮೂಲೆಯಲ್ಲಿದ್ದ ಅವರೆಕಾಯಿ ಬುಟ್ಟಿ ಎತ್ತಿಕೊಂಡು ನೆಟ್ಟಗೆ ತಿಪ್ಪೇಶನ ಕೋಣೆಗೆ ನಡೆದರು. ಅವನ ಚಾಪೆಯ ಮೇಲೆ ಬುಟ್ಟಿ ಸುರಿದುಕೊಂಡು, ಅವನ ದಿಂಬಿಗೆ ಒರಗಿ, ಕಾಯಿ ಸುಲಿಯತೊಡಗಿದರು.

ತಿಪ್ಪೇಶ ಬಾಗಿಲಲ್ಲೇ ನಿಂತ. ಸಿಪ್ಪೆ ಚಾಪೆಯ ತುಂಬ ಹರಡಿತು. ಒಂದು ಹಸಿರು ಹುಳ ದಿಂಬಿನ ಮೇಲೆ ಹತ್ತಿತು.

‘ಗುರುಗಳೇ, ಅದು... ನಾನು ಮಲಗೋ ಜಾಗ.’

‘ಖಾಲಿ ಇತ್ತಪ್ಪ. ನಿನಗೇ ಸಾರು ಮಾಡೋಣ ಅಂತ ಕೂತೆ.’

ಹುಳ ದಿಂಬು ದಾಟಿ ಗೋಡೆ ಹಿಡಿಯುವವರೆಗೆ ತಿಪ್ಪೇಶ ಅದನ್ನೇ ನೋಡಿದ. ಆಮೇಲೆ ತಲೆ ಕೆರೆದುಕೊಂಡು ಹೊಳೆಯ ಕಡೆ ಇಳಿದ.

ಮರುದಿನ ಕೆಂಚಮ್ಮ ಬರುವ ಹೊತ್ತಿಗೆ ಅವನು ಮೆಂತ್ಯದ ನಡುವೆ ಬಗ್ಗಿದ್ದ. ಕೈಗೆ ಒಂದು ಹಿಡಿ ಸಿಕ್ಕಿತ್ತು.

‘ಏನು ಮಾಡ್ತಿದೀಯ?’ ಎಂದು ಕೂಗಿದಳು ಕೆಂಚಮ್ಮ.

‘ಕಿತ್ತು ಹಾಕ್ತೀನಿ ಅಮ್ಮಾ. ಮೊದಲಿನ ಹಾಗೆ ಮಾಡಿಕೊಡ್ತೀನಿ.’

‘ಬಿಡು, ಬಿಡು! ಹುಟ್ಟಿಬಿಟ್ಟಿದೆ, ಈಗ ಕೀಳ್ತೀಯಾ?’

‘ನಿಮಗೆ ಬೇಡ ಅಂದಿರಲ್ಲ?’

‘ಬೇಡ. ಕೀಳೋದೂ ಬೇಡ. ನನ್ನ ತೊಂದರೆ ಅದೇ ಅಲ್ವಾ ತಮ್ಮಾ!’

ತಿಪ್ಪೇಶ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದ.

‘ಹಾಗಾದರೆ ಇದು ಬಲಿಯೋವರೆಗೆ ನಾನು ನೋಡ್ಕೋತೀನಿ. ನೀವು ಬರೋದಕ್ಕೆ ಮುಂಚೆ ನೀರು ಹಾಕಿ ಮುಗಿಸಿರ್ತೀನಿ. ನೀವು ಇದನ್ನ ತಿರುಗಿಯೂ ನೋಡಬೇಡಿ.’

‘ನೋಡದೆ ಇರೋಕಾಗುತ್ತಾ?’ ಎಂದಳು ಕೆಂಚಮ್ಮ. ಆದರೂ ಒಪ್ಪಿದಳು.

ಅಂದಿನಿಂದ ಹೊಂಗೆ ಮರದ ಬುಡದಲ್ಲಿ ಒಂದು ಅಂಗೈಯಷ್ಟು ಜಾಗದಲ್ಲಿ ಅವಳು ಮುದುಡಿ ಕೂರುವಳು. ಅದನ್ನು ಕಂಡಾಗಲೆಲ್ಲ ತಿಪ್ಪೇಶ ಮೆಂತ್ಯ ಎಷ್ಟು ಬೆಳೆದಿದೆ ಎಂದು ಬಗ್ಗಿ ನೋಡುತ್ತಿದ್ದ. ಮೆಂತ್ಯ ಬೇಗ ಬಲಿಯಲಿ ಎಂದು ಅವನು ಬೇಡಿಕೊಂಡಷ್ಟು ಯಾವ ರೈತನೂ ಬೇಡಿಕೊಂಡಿರಲಿಕ್ಕಿಲ್ಲ.

ಕೊನೆಗೂ ಸೊಪ್ಪು ಕೊಯ್ಲಿಗೆ ಬಂತು. ತಿಪ್ಪೇಶ ಬೇರುಸಮೇತ ಕಿತ್ತು, ಮಣ್ಣು ಸಮ ಮಾಡಿ, ಸೊಪ್ಪನ್ನು ಅಡುಗೆಮನೆಗೆ ತಂದ. ಗುರುಗಳು ಅಲ್ಲೇ ಇದ್ದರು.

‘ಯಾರ ಸೊಪ್ಪು?’

‘ಕೆಂಚಮ್ಮನವರದು.’

‘ನಮ್ಮ ಒಲೆಯ ಮೇಲೆ ಏನು ಮಾಡ್ತಿದೆ?’

‘ಆಯಮ್ಮ ಊರಿಗೆಲ್ಲ ಬಡಿಸ್ತಾರೆ. ಒಂದು ದಿನ ಅವರಿಗೆ ಬಡಿಸೋಣ ಅಂತ.’

ಗುರುಗಳು ಒಲೆಗೆ ಸೌದೆ ನೂಕಿದರು.

ತಿಪ್ಪೇಶ ಬೇಳೆ ಹಾಕಿ ಪಲ್ಯ ಮಾಡಿದ. ರೊಟ್ಟಿ ತಟ್ಟಿದ. ರೊಟ್ಟಿಗೆ ದುಂಡಗಿನ ಆಕಾರ ಬರಲೇ ಇಲ್ಲ. ಬಾಳೆ ಎಲೆಯಲ್ಲಿ ಕಟ್ಟಿಕೊಂಡು ಹೊಂಗೆ ಮರದ ಕಡೆ ಓಡಿದ.

ಕೆಂಚಮ್ಮ ಬರಿ ನೆಲದ ನಡುವೆ ಕಾಲು ಚಾಚಿ ಕೂತಿದ್ದಳು. ಎಲೆ ಬಿಚ್ಚಿದಳು. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

‘ಉಪ್ಪು ಕಡಿಮೆ,’ ಎಂದಳು.

ತಿಪ್ಪೇಶ ಎದ್ದ. ‘ತರ್ತೀನಿ ಅಮ್ಮಾ.’

‘ಕೂತ್ಕೊ. ಬೇರೆಯವರ ಕೈ ಅಡುಗೆಗೆ ಉಪ್ಪು ಕಡಿಮೆ ಅಂತ ಹೇಳಿ ಎಷ್ಟು ವರ್ಷ ಆಗಿತ್ತು!’

ಅವಳು ನಕ್ಕಳು. ಎಲೆಯಲ್ಲಿ ಒಂದು ಚೂರೂ ಬಿಡದೆ ತಿಂದಳು.

ಯುಗಾದಿ ಬಂತು. ನೆಲ ಹಿಡಿದವರು ಹೊಸ ವರ್ಷದ ಬಾಡಿಗೆ ತಂದು ಕೊಡುವ ಕಾಲ. ಕೆಂಚಮ್ಮನೂ ಸೊಂಟದ ಚೀಲ ಬಿಚ್ಚಿದಳು. ತಿಪ್ಪೇಶ ಕೈ ಅಡ್ಡ ಹಿಡಿದ.

‘ನಿಮ್ಮದು ಬೇಡ ಅಮ್ಮಾ. ನೀವು ಈ ಮಣ್ಣಿಂದ ಏನೂ ತಗೊಳ್ಳಲ್ಲ. ಇನ್ಮೇಲೆ ಸುಮ್ಮನೆ ಬಂದು ಕೂತು ಹೋಗಿ.’

ಗುರುಗಳನ್ನು ಅವನು ಕೇಳಿರಲಿಲ್ಲ. ಇದನ್ನು ಯಾರು ಬೇಡವೆಂದಾರು ಎಂಬ ಧೈರ್ಯ.

ಕೆಂಚಮ್ಮ ದುಡ್ಡು ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಒದ್ದಾಡಿದಳು. ಕೊನೆಗೆ ಚೀಲಕ್ಕೆ ಹಾಕಿಕೊಂಡಳು. ಎರಡೂ ಕೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿ ಹೋದಳು.

ಆಮೇಲೆ ಕೆಲವು ದಿನ ಅವಳು ಬರಲೇ ಇಲ್ಲ.

ಬಂದ ದಿನ, ತಿಪ್ಪೇಶ ಪಕ್ಕದ ತುಂಡಿನ ಬೇಲಿ ಕಟ್ಟುತ್ತಿದ್ದ. ತಲೆ ಎತ್ತಿದರೆ ಕೆಂಚಮ್ಮ ಕಲ್ಲಿನ ಆಚೆಗೆ ನಿಂತಿದ್ದಳು. ಚಪ್ಪಲಿ ಬಿಟ್ಟಿದ್ದಳು. ಸೆರಗು ಹೊದ್ದಿದ್ದಳು.

‘ಸ್ವಾಮೀ,’ ಎಂದಳು. ‘ಸ್ವಲ್ಪ ಹೊತ್ತು ಕೂತ್ಕೊಳ್ಳಲಾ?’

ಸ್ವಾಮಿ ಎಂದು ಕರೆದದ್ದು ಯಾರನ್ನು ಎಂದು ತಿಪ್ಪೇಶ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

‘ಒಂದು ನಿಮಿಷ ಅಮ್ಮಾ, ಬಂದೆ,’ ಎಂದವನೇ ಆಶ್ರಮಕ್ಕೆ ಓಡಿದ.

ಗುರುಗಳು ಜಗಲಿಯ ಮೇಲೆ ಹೊಸ ಪೊರಕೆ ಕಟ್ಟುತ್ತಿದ್ದರು. ತಿಪ್ಪೇಶ ಏದುಸಿರು ಬಿಡುತ್ತಲೇ ಬಾಡಿಗೆ ಬೇಡ ಅಂದದ್ದು, ಅವಳು ಕೈಮುಗಿದದ್ದು, ಈಗ ಸ್ವಾಮಿ ಅಂದದ್ದು ಎಲ್ಲ ಹೇಳಿದ.

‘ನನಗೆ ತಿಳೀತಿಲ್ಲ ಗುರುಗಳೇ. ನೆಲ ಅದೇ, ಮರ ಅದೇ. ಹೋದ ವಾರದವರೆಗೆ ನನ್ನ ತಮ್ಮಾ ಅಂತಿದ್ದರು. ಹೇಳದೆ ಕೇಳದೆ ಬಂದು ಕೂರ್ತಿದ್ದರು. ನಾನು ಅವರಿಗೆ ಭಾರ ಇಳಿಸಿದೆನೋ, ಹೊರಿಸಿದೆನೋ?’

ಗುರುಗಳ ಕೈಯಲ್ಲಿದ್ದ ಪೊರಕೆ ಕಡ್ಡಿಗಳು ಅಲ್ಲೇ ನಿಂತವು.

‘ಆಕೆ ಈಗ ಎಲ್ಲಿದ್ದಾಳೆ?’

‘ಕಲ್ಲಿನ ಆಚೆಗೆ. ನನ್ನ ಉತ್ತರಕ್ಕೆ ಕಾಯ್ತಿದ್ದಾರೆ.’

‘ಓಡು, ಓಡು!’ ಎಂದರು ಗುರುಗಳು. ‘ಬೇಗ ಹೋಗಿ ಬಾಡಿಗೆ ಇಸ್ಕೊ. ಪಾಪ, ಆ ತಾಯಿ ನಿಂತೇ ಇದ್ದಾಳೆ.’